ಅತ್ತರಿಗೆ ಹೆದರಿದವರು

ಹಾವಿಗೆ ಹೆದರುವವರನ್ನು, ಕಳ್ಳರಿಗೆ ಹೆದರುವವರನ್ನು ಜನ ಅರ್ಥ ಮಾಡಿಕೊಳ್ಳುತ್ತಾರೆ. ಮಲ್ಲಿಗೆ ಸೆಂಟಿಗೆ ಹೆದರುವವರ ಮನೆಯಲ್ಲಿ ಮಾತ್ರ ದಿನ ಬಿಟ್ಟು ದಿನ ನಗುವಂಥದ್ದು ಏನಾದರೂ ನಡೆಯುತ್ತಲೇ ಇರುತ್ತದೆ. ನಡೆಯುವ ಹೊತ್ತಿಗೆ ನಮಗೆ ನಗು ಬರುವುದಿಲ್ಲ, ಅಷ್ಟೇ.

ನಾನು ಶಹಾಪುರದಲ್ಲಿ ಹೈಸ್ಕೂಲು ಮಾಸ್ತರ. ಹೋದ ಚಳಿಗಾಲದಲ್ಲಿ ಸುರಪುರಕ್ಕೆ ಒಂದು ನಿಶ್ಚಿತಾರ್ಥಕ್ಕೆ ಹೋಗಿದ್ದೆವು. ಬಾಗಿಲಲ್ಲಿ ನಿಂತವರು ನನ್ನ ಹೆಂಡತಿಯ ಮುಂಗೈಗೆ ಅತ್ತರು ಸವರಿದರು. ನಮ್ಮ ಕಡೆ ಅದು ಬಂದವರಿಗೆ ಮಾಡುವ ಮರ್ಯಾದೆ. ಊಟಕ್ಕೆ ಕೂಡುವ ಮೊದಲೇ ಅವಳ ಎದೆಯಲ್ಲಿ ಸೀಟಿ ಶುರುವಾಯಿತು. ಉಸಿರು ಒಳಗೆ ಹೋಗುತ್ತಿತ್ತು, ಹೊರಗೆ ಬರುತ್ತಿರಲಿಲ್ಲ. ತುಟಿ ನೀಲಿಯಾಗುವುದನ್ನು ನಾನು ಕಣ್ಣಾರೆ ನೋಡಿದೆ. ಯಾದಗಿರಿಯ ಆಸ್ಪತ್ರೆಯಲ್ಲಿ ಮೂಗಿಗೆ ಗಾಳಿಯ ಕೊಳವೆ ಕಟ್ಟಿ ಅವಳನ್ನು ಉಳಿಸಿಕೊಟ್ಟರು. ಅಂದಿನಿಂದ ನನಗೊಂದು ಚಟ ಹತ್ತಿದೆ. ಅವಳು ಮಾತಾಡುವಾಗ ಮಾತು ಕೇಳುವುದಿಲ್ಲ, ಮಾತಿನ ಹಿಂದಿನ ಉಸಿರು ಕೇಳುತ್ತೇನೆ. ನಾನು ಮಾತು ಕೇಳುವುದಿಲ್ಲ ಎಂಬ ತಕರಾರು ಅವಳಿಗೆ ಮದುವೆಯಾದಾಗಿನಿಂದಲೂ ಇದೆ. ಈಗ ಅದಕ್ಕೊಂದು ಗೌರವದ ಕಾರಣ ಸಿಕ್ಕಿದೆ.

ಅಂದು ನಿಶ್ಚಯವಾದದ್ದು ಅವಳ ತಂಗಿಯ ಮಗಳ ಮದುವೆ. ಹೈಸ್ಕೂಲು ಮುಗಿಯುವ ತನಕ ನಮ್ಮ ಮನೆಯಲ್ಲೇ ಬೆಳೆದ ಹುಡುಗಿ. ಮಕ್ಕಳಿಲ್ಲದ ನಮಗೆ ಅವಳೇ ಮಗಳು. ಆಸ್ಪತ್ರೆಯಿಂದ ಬಂದ ಮರುದಿನವೇ ಫೋನು ಮಾಡಿ, ದೊಡ್ಡವ್ವ ಬಾಜೂಕ ಕೂಡಲಿಲ್ಲ ಅಂದ್ರ ನಾನು ತಾಳಿ ಕಟ್ಟಿಸಿಕೊಳ್ಳುವುದಿಲ್ಲ ಎಂದಳು. ಹೆಂಡತಿ ಕೂಡಲೇ ಒಪ್ಪಿದಳು. ಬೇಸಿಗೆಗೆ ಮದುವೆ. ಅಲ್ಲಿಯ ತನಕ ಆ ಎದೆಯನ್ನು ಕಾಯುವ ಕೆಲಸ ನನ್ನದು.

ಡಾಕ್ಟರ ಗೋಡೆ

ಯಾದಗಿರಿಯ ಡಾಕ್ಟರು ಒಳ್ಳೆಯವರು, ಸಾವಕಾಶ ತಿಳಿಸಿ ಹೇಳುವವರು. ಔಷಧದ ಜೊತೆಗೆ ಒಂದು ಪಥ್ಯ ಹೇಳಿದರು. ಮನೆಯಲ್ಲಿ ಯಾವ ಕೃತಕ ಪರಿಮಳವೂ ಇರಕೂಡದು. ಮೈ ಸಾಬೂನು, ಪೌಡರು, ತಲೆಗೆಣ್ಣೆ, ಊದಿನಕಡ್ಡಿ, ಬಟ್ಟೆ ಒಗೆಯುವ ಪುಡಿ, ನೆಲ ಒರೆಸುವ ನೀರು, ಪಾಯಖಾನೆಯಲ್ಲಿ ತೂಗುಹಾಕುವ ಬಿಲ್ಲೆ, ಎಲ್ಲವೂ ಹೊರಗೆ. ಹೀಗೆ ಇದ್ದರೆ ಉಸಿರಿನ ಕೊಳವೆಗಳ ಬಾವು ಇಳಿಯುತ್ತದೆ, ಮದುವೆಗೂ ಹೋಗಬಹುದು. ಆದರೆ ಅಲ್ಲಿ ಇನ್ನೊಮ್ಮೆ ಜೋರಾಗಿ ಬಡಿದರೆ ಸುರಪುರದಿಂದ ಇಲ್ಲಿಯ ತನಕ ಬರಲು ಪುರಸೊತ್ತು ಸಿಗುತ್ತದೆ ಎಂದು ಹೇಳಲಾರೆ. ಕೊನೆಯ ಮಾತನ್ನು ಅವರು ನನ್ನ ಕಡೆ ತಿರುಗಿ ಮೆಲ್ಲಗೆ ಹೇಳಿದರು. 

ಅಷ್ಟರಲ್ಲಿ ಅವರ ತಲೆಯ ಮೇಲೆ ಗೋಡೆಗೆ ಹಚ್ಚಿದ್ದ ಬಿಳಿ ಡಬ್ಬಿಯೊಂದು ‘ಫುಸ್’ ಎಂದಿತು. ಕೋಣೆಯ ತುಂಬ ಗುಲಾಬಿ. ಹೆಂಡತಿ ಕೆಮ್ಮತೊಡಗಿದಳು. ನಾನು ಬಾಗಿಲು ತೆರೆದು ಕಿಟಕಿಗೆ ಓಡಿದೆ. ಎ.ಸಿ. ಗಾಳಿ ಹೋದೀತೆಂದು ಕಿಟಕಿಗೆ ಮೊಳೆ ಹೊಡೆದಿದ್ದರು. ಅವಳನ್ನು ಎಬ್ಬಿಸಿ ಹೊರಗೆ ಒಯ್ಯಲು ನೋಡಿದರೆ ಡಾಕ್ಟರು ಕೈ ಅಡ್ಡ ಹಿಡಿದರು. ಪಾಠಕ್ಕೆ ತಕ್ಕ ಉದಾಹರಣೆ ತಾನಾಗಿ ಸಿಕ್ಕಾಗ ನಮ್ಮಂಥವರ ಮುಖ ಹೇಗೆ ಅರಳುತ್ತದೋ ಅವರ ಮುಖ ಹಾಗೆ ಅರಳಿತ್ತು.

"ಈಗ ಬಂತಲ್ರಿ ಕೆಮ್ಮು, ಇದನ್ನಾ ನೋಡ್ರಿ ನಾ ಹೇಳಾಕತ್ತಿದ್ದು."

ಗೋಡೆ ಇನ್ನೊಮ್ಮೆ ‘ಫುಸ್’ ಎಂದು ಅವರ ಮಾತಿಗೆ ಸಹಿ ಹಾಕಿತು.

ವಾಸನೆಯಿಲ್ಲದ ಫಿನಾಯಿಲು

ಬಜಾರಿನ ಕಿರಾಣಿ ಅಂಗಡಿಯವನು ನನಗೆ ಹಳೆಯ ಪರಿಚಯ. ವಾಸನೆಯಿಲ್ಲದ ಸಾಬೂನು, ವಾಸನೆಯಿಲ್ಲದ ಬಟ್ಟೆ ಪುಡಿ, ವಾಸನೆಯಿಲ್ಲದ ಫಿನಾಯಿಲು ಬೇಕೆಂದೆ. ಅವನು ತಕ್ಕಡಿ ಕೆಳಗಿಟ್ಟು ನನ್ನನ್ನು ಸ್ವಲ್ಪ ಹೊತ್ತು ನೋಡಿದ. ಮನೆಯಲ್ಲಿ ಎಲ್ಲ ಆರಾಮವೇ ಎಂದು ಕೇಳಿದ. ಸಂಗತಿ ಹೇಳಿದೆ. ಪಾಪ, ಮರುಗಿದ. ಮರುಗಿದವನು ಕಪಾಟಿನಿಂದ ಒಂದೊಂದೇ ತೆಗೆದು, ಮೊದಲು ತಾನು ಮೂಸಿ, ಆಮೇಲೆ ನನ್ನ ಮುಂದಿಡತೊಡಗಿದ. ಇದು ಲಿಂಬೆಹಣ್ಣು. ಇದು ಮಲ್ಲಿಗೆ. ಇದು ಶ್ರೀಗಂಧ. ನೀಲಿ ಬಾಟಲಿಯೊಂದರ ಮೇಲೆ ಸಮುದ್ರದ ಗಾಳಿ ಎಂದು ಬರೆದಿತ್ತು. ಅವನು ಸಮುದ್ರ ನೋಡಿರಲಿಲ್ಲ, ಪಕ್ಕದಲ್ಲಿ ಬೆಲ್ಲ ಕಟ್ಟಿಸುತ್ತಿದ್ದ ಗಿರಾಕಿಯೂ ನೋಡಿರಲಿಲ್ಲ. ಇಬ್ಬರೂ ಮೂಸಿ ನೋಡಿ, ಸಮುದ್ರದ ದಂಡೆಯ ಜನ ದಿನವಿಡೀ ಇದನ್ನು ಹೇಗೆ ತಡೆದುಕೊಳ್ಳುತ್ತಾರೋ ಎಂದು ಕನಿಕರ ಪಟ್ಟರು.

ಕೊನೆಗೆ ಹಸಿರು ಎಲೆಯ ಚಿತ್ರವಿದ್ದ ಒಂದು ಡಬ್ಬಿ ಬಂತು. ಎಲ್ಲ ನೈಸರ್ಗಿಕ ಎಂದು ದಪ್ಪ ಅಕ್ಷರದಲ್ಲಿ ಬರೆದಿತ್ತು. ಹಿಂಬದಿಯ ಇರುವೆಯಂಥ ಅಕ್ಷರಗಳನ್ನು ಕನ್ನಡಕ ಏರಿಸಿ ಓದಿದೆ. ಕೊನೆಯಲ್ಲಿ ‘ಪರಿಮಳ’ ಎಂಬ ಒಂದೇ ಮಾತಿತ್ತು. ಆ ಒಂದು ಮಾತಿನೊಳಗೆ ಏನೇನು ತುಂಬಿದೆ ಎಂದು ಯಾರೂ ಬರೆದಿರಲಿಲ್ಲ. ಕಪಾಟಿನ ತುಂಬ ಸಾಲಾಗಿ ನಿಂತ ಬಣ್ಣಬಣ್ಣದ ಡಬ್ಬಿಗಳನ್ನು ನೋಡುತ್ತ ನನಗೆ ಆ ದಿನದ ನೀಲಿ ತುಟಿ ನೆನಪಾಯಿತು. ಬೇರೇನೂ ಬೇಡವೆಂದು ಅಂಟುವಾಳಕಾಯಿ, ಕಡಲೆಹಿಟ್ಟು, ಬಟ್ಟೆ ಸೋಡಾ ಕಟ್ಟಿಸಿಕೊಂಡೆ.

ಅಂಗಡಿಯವನಿಗೆ ಫಿನಾಯಿಲಿನ ವಿಷಯ ಮಾತ್ರ ತಲೆಯಿಂದ ಹೋಗಿರಲಿಲ್ಲ. ನಾನು ಮೆಟ್ಟಿಲಿಳಿದ ಮೇಲೆ ಹಿಂದಿನಿಂದ ಕರೆದ.

"ಮಾಸ್ತರ, ಸಿಟ್ಟಾಗಬ್ಯಾಡ್ರಿ, ಒಂದು ಕೇಳತೀನಿ. ವಾಸನಿ ಇಲ್ಲದ್ದು ಹಾಕಿ ಒರಸಿದ್ರ, ನೆಲ ಒರಸೀರಿ ಅಂತ ಮಂದಿಗಿ ಹ್ಯಾಂಗ ಗೊತ್ತಾಗಬೇಕ್ರಿ?"

ಬುತ್ತಿ

ಹೊಸದನ್ನು ತಂದರೆ ಸಾಲದು, ಹಳೆಯದನ್ನು ಹೊರಗೆ ಹಾಕಬೇಕಲ್ಲ. ಬಟ್ಟೆ ಪುಡಿಯ ಪರಿಮಳ ಹಾಸಿಗೆ, ಹೊದಿಕೆ, ಪರದೆ, ದಿಂಬುಗಳಲ್ಲೆಲ್ಲ ಇಳಿದು ಕೂತಿತ್ತು. ಒಂದು ರವಿವಾರ ಬೆಳಗ್ಗೆ ಅವಳನ್ನು ಮಾಳಿಗೆಯ ಮೇಲೆ ಗಾಳಿಗೆ ಕೂಡಿಸಿ ಅವಳ ಬಾಯಿಗೆ ಬಟ್ಟೆ ಕಟ್ಟಿದೆ. ಮನೆಯಲ್ಲಿದ್ದ ಅಷ್ಟೂ ಬಟ್ಟೆಯನ್ನು ಅಂಗಳದಲ್ಲಿ ರಾಶಿ ಹಾಕಿ ಬಿಸಿನೀರು, ಸೋಡಾ ಸುರಿದು ಒಗೆಯತೊಡಗಿದೆ. ಗೋಡೆ ತೊಳೆದೆ, ದೇವರ ಜಗಲಿ ತೊಳೆದೆ. ಊದಿನಕಡ್ಡಿ, ಪೌಡರ ಡಬ್ಬಿ, ಸೆಂಟಿನ ಬಾಟಲಿಗಳನ್ನು ಒಂದು ಚೀಲಕ್ಕೆ ತುಂಬಿ ಹೊರಗಿಟ್ಟೆ. ಸಂಜೆ ದೇವರ ಮುಂದೆ ಬರೀ ದೀಪ ಹಚ್ಚಿದೆವು. ಗಂಧವಿಲ್ಲ, ಧೂಪವಿಲ್ಲ. ತಲೆಗೆ ಬರೀ ಅಂಟುವಾಳ ಹಾಕಿ ಎರೆದುಕೊಂಡು ಅವಳು ಕೂದಲು ಬಿಟ್ಟು ಕೂತಿದ್ದಳು. ಎದೆ ಸ್ವಚ್ಛವಾಗಿದೆಯೇ ಎಂದು ನಾನು ಕಿವಿಗೊಟ್ಟು ಕೂತಿದ್ದೆ.

ಮರುದಿನ ಮಧ್ಯಾಹ್ನ ಓಣಿಯ ಹೆಂಗಸರು ಬಂದರು. ಸೆರಗು ತಲೆಯ ಮೇಲೆ, ಮುಖ ಕೆಳಗೆ. ಕೈಯಲ್ಲಿ ಬಟ್ಟೆ ಮುಚ್ಚಿದ ಬುಟ್ಟಿಗಳು. ಸದ್ದಿಲ್ಲದೆ ಬಂದು ಗೋಡೆಗೆ ಒರಗಿ ಕೂತರು. ಹೆಂಡತಿಯ ಕಾಯಿಲೆ ವಿಚಾರಿಸಲು ಬಂದಿದ್ದಾರೆಂದು ನಾನು ತಿಳಿದೆ. ನನ್ನ ಮುಖ ಸಹಜವಾಗಿಯೇ ಸ್ವಲ್ಪ ಬಾಡಿದ ಮುಖ. ಅದನ್ನು ನೋಡಿ ಎದುರು ಮನೆಯಾಕೆ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಇನ್ನೊಬ್ಬಳು ಬುಟ್ಟಿ ಮುಂದೆ ಸರಿಸಿದಳು. ಜೋಳದ ರೊಟ್ಟಿ, ಪುಂಡಿಪಲ್ಯೆ, ಝುಣಕ. ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ನೆರೆಯವರು ಬುತ್ತಿ ತರುತ್ತಾರೆ. ಹೆಂಡತಿಗೆ ಅದು ಹೊಳೆದದ್ದೇ ಅವಳ ಮುಖ ಬಿಳಿಚಿತು.

"ಯಾರು ಹೋದ್ರವ್ವಾ?" ಎಂದಳು.

ನಿಮ್ಮ ಮನಿಯವರಾ ಅಲ್ಲೇನವ್ವ ಎಂದರು ಅವರು. ಹೆಂಡತಿ ಮೊದಲು ನನ್ನ ಕಡೆ ನೋಡಿದಳು. ನಾನು ಇದ್ದೆ.

ಆಮೇಲೆ ಎಲ್ಲ ತಿಳಿಯಾಯಿತು. ಹಾಸಿಗೆ ಹೊದಿಕೆ ಒಂದೇ ದಿನ ಒಗೆದದ್ದು, ಗೋಡೆ ತೊಳೆದದ್ದು, ಧೂಪ ಇಲ್ಲದ್ದು, ಪೌಡರು ಹೂವು ಬಿಟ್ಟದ್ದು ನೋಡಿ ದೂರದ ಊರಿನಿಂದ ಸಾವಿನ ಸುದ್ದಿ ಬಂದಿದೆ, ಮಾಸ್ತರ ಹೇಳಿಕೊಳ್ಳುವ ಮನುಷ್ಯನಲ್ಲ ಎಂದು ಓಣಿಯೆಲ್ಲ ತೀರ್ಮಾನ ಮಾಡಿತ್ತಂತೆ. ಹಾಗಾದರೆ ಬುತ್ತಿ ವಾಪಸು ಒಯ್ಯಿರಿ, ಸುಮ್ಮನೆ ತಕಲೀಫು ಮಾಡಿಕೊಂಡಿರಿ ಎಂದು ಹೆಂಡತಿ ಹೇಳಿದಳು. ಎಲ್ಲರ ಮುಖದಲ್ಲಿ ಗಾಬರಿ ಕಂಡಿತು. ಎದುರು ಮನೆಯಾಕೆ ಹತ್ತಿರ ಸರಿದು ಕೂತು ಅವಳ ಕೈ ಹಿಡಿದುಕೊಂಡಳು.

"ದುಃಖದ ಬುತ್ತಿ ತಿರುಗಿ ಮನಿಗಿ ಒಯ್ಯಬಾರದವ್ವ, ನಮಗ ಛಲೋ ಅಲ್ಲ. ದೂರದ ಸಂಬಂಧದಾಗ ಯಾರರೆ ಒಬ್ಬರು ಹೋಗಿರತಾರ, ಸ್ವಲ್ಪ ನೆನಪು ಮಾಡಿಕೋ."

ಬೇವಿನ ಗಿಡದ ಆಚೆ

ಎಚ್ಚರವೆಲ್ಲ ಮನೆಗೆ ಮಾತ್ರ ಎಂದುಕೊಂಡದ್ದು ತಪ್ಪಾಯಿತು. ಕ್ಷೌರಕ್ಕೆ ಹೋದಾಗ ಅಂಗಡಿಯವನಿಗೆ ಕೂಡುವ ಮೊದಲೇ ಹೇಳಿದ್ದೆ. ಕ್ರೀಮು ಬೇಡ, ಪೌಡರು ಬೇಡ, ಕೊನೆಗೆ ಹಚ್ಚುವ ನೀರಂತೂ ಬೇಡವೇ ಬೇಡ. ಅವನು ಬರೀ ನೀರಿನಲ್ಲಿ, ನನಗೂ ತನಗೂ ಕಣ್ಣೀರು ಬರುವಂತೆ ಗಡ್ಡ ಕೆರೆದ. ಹೆಂಡತಿಯ ಉಸಿರಿನ ಕಥೆಯನ್ನೆಲ್ಲ ಕೇಳಿದ. ಕೇಳಿ ಮನಸ್ಸಿಗೆ ಹಚ್ಚಿಕೊಂಡ. ಹೀಗಾಗಬಾರದಿತ್ತು ನೋಡ್ರಿ ಎಂದು ತಲೆಯಾಡಿಸುತ್ತಲೇ, ವರ್ಷಗಳಿಂದ ಅದನ್ನೇ ಮಾಡುತ್ತ ಬಂದ ಕೈಗಳು ತಾವೇ ಬಾಟಲಿ ತೆಗೆದು, ಅಂಗೈಗೆ ಸುರಿದುಕೊಂಡು, ನನ್ನ ಎರಡೂ ಕೆನ್ನೆಗೆ ಚಟಾರೆಂದು ಬಡಿದವು. ಇಬ್ಬರೂ ಕನ್ನಡಿಯಲ್ಲಿ ಒಬ್ಬರನ್ನೊಬ್ಬರು ನೋಡಿದೆವು.

ತೊಳೆದಷ್ಟೂ ಅದು ಏಳುತ್ತಿತ್ತು. ನನ್ನ ಮುಖವೇ ಅವಳಿಗೆ ವಿಷವಾಗಿದೆ ಎಂಬುದು ಹೊಳೆದು ಕಾಲು ಮನೆಯ ಕಡೆ ಏಳಲಿಲ್ಲ. ಗುಡ್ಡದ ಬುಡದ ಕೆರೆ ದಂಡೆಯ ಮೇಲೆ ಬಿಸಿಲಿಗೆ ಕೆನ್ನೆ ಕೊಟ್ಟು ಕೂತೆ. ಬುದ್ಧ ಮಲಗಿದಂತೆ ಕಾಣುವ ನಮ್ಮ ಗುಡ್ಡ ಎಂದಿನಂತೆ ಮಲಗಿತ್ತು. ಅದಕ್ಕೆ ಈ ತಾಪತ್ರಯವಿಲ್ಲ. ಹೊತ್ತು ಏರಿದ ಮೇಲೆ ಮನೆಯ ಮುಂದೆ ಬಂದರೆ ಹೆಂಡತಿ ಕಿಟಕಿಯಿಂದಲೇ ಮೂಗು ಎತ್ತಿ, ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂದು ನೋಡಿ, ಬೇವಿನ ಗಿಡದ ಆಚೆಗೆ ನಿಂತುಕೊಳ್ಳಲು ಹೇಳಿದಳು. ತಾಟಿನಲ್ಲಿ ಊಟ ತಂದು ಗಿಡದ ಕಟ್ಟೆಯ ಮೇಲಿಟ್ಟು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ನಾನು ಕಟ್ಟೆಯ ಮೇಲೆ ಒಬ್ಬನೇ ಕೂತು ಉಣ್ಣುತ್ತಿದ್ದೆ. ಹಿಂದಿನ ಓಣಿಯ ಗುಮಾಸ್ತರೊಬ್ಬರು ಹೋಗುತ್ತಿದ್ದವರು ನಿಂತರು. ಮುಚ್ಚಿದ ಬಾಗಿಲು ನೋಡಿದರು, ನನ್ನ ತಾಟು ನೋಡಿದರು, ಹೊಸದಾಗಿ ಗಡ್ಡ ತೆಗೆದು ಪರಿಮಳ ಹಚ್ಚಿಕೊಂಡ ಮುಖವನ್ನೂ ನೋಡಿದರು.  ಮನೆಗೆ ಹೋಗಿ ತಮ್ಮ ತಾಟನ್ನೂ ತಂದು ನನ್ನ ಪಕ್ಕದಲ್ಲಿ ಕೂತರು.

"ನಮ್ಮಾಕಿ ನನ್ನ ಹೊರಗ ಹಾಕಿ ವಾರಾತು. ಒಬ್ಬನಾ ಉಣ್ಣಾಕ ನಾಚಿಕಿ ಆಗತಿತ್ತು."

ಕಿಸೆ

ಮದುವೆ ಹತ್ತಿರ ಬಂದಾಗ ಡಾಕ್ಟರು ಕೊನೆಯ ಸಲ ನೋಡಬೇಕೆಂದರು. ಬಸ್ಸಿನಲ್ಲಿ ನೂರು ತರದ ಪೌಡರು ಎಂದು ಹೆದರಿ ಬಾಡಿಗೆಯ ಕಾರು ಹೇಳಿದೆ. ಕಾರಿನ ಮುಂದೆ ಗಾಳಿ ಬರುವ ಜಾಗಕ್ಕೆ ಸಿಕ್ಕಿಸಿದ ಒಂದು ಪುಟ್ಟ ಸೆಂಟಿನ ಬಾಟಲಿ ಇತ್ತು. ಅದನ್ನು ತೆಗೆಯಲೇಬೇಕು, ಇಲ್ಲವಾದರೆ ನಾವು ಹತ್ತುವುದಿಲ್ಲ ಎಂದೆ. ಡ್ರೈವರು ಮರ್ಯಾದಸ್ಥ, ತಕರಾರು ಮಾಡಲಿಲ್ಲ. ನಾನು ನೋಡುತ್ತಿದ್ದಂತೆಯೇ ತೆಗೆದ. ಗಾಜು ಇಳಿಸಿ ಹೊರಟೆವು.

ಭೀಮಾ ನದಿಯ ಸೇತುವೆ ಹತ್ತಿರ ಬಂದಾಗ ಹಿಂದಿನ ಸೀಟಿನಿಂದ ಸೀಟಿ ಕೇಳಿಸಿತು. ಮೊದಲು ನದಿಯ ಗಾಳಿ ಅಂದುಕೊಂಡೆ. ತಿರುಗಿ ನೋಡಿದರೆ ಅವಳು ನನ್ನ ಕಡೆ ನೋಡಿ ನಗುತ್ತಿದ್ದಳು. ಹೆದರಿದಾಗ ಅವಳು ನಗುತ್ತಾಳೆ. ಕಾರು ನಿಲ್ಲಿಸಿ ಅವಳನ್ನು ಸೇತುವೆಯ ಕಟಾಂಜನಕ್ಕೆ ಒರಗಿಸಿ ನಿಲ್ಲಿಸಿದೆ. ಬಾಯಿಗೆ ಔಷಧದ ಪಂಪು ಹಿಡಿದರೆ ಗಡಿಬಿಡಿಯಲ್ಲಿ ಗುರಿ ತಪ್ಪಿ ಮೊದಲ ಸಲ ಔಷಧ ಭೀಮೆಗೆ ಹೋಯಿತು. ಕೆಳಗೆ ನೀರಿನಲ್ಲಿ ಬಲೆ ಬೀಸುತ್ತಿದ್ದವರು ತಲೆಯೆತ್ತಿ ನೋಡಿ, ದುಡುಕಬೇಡಿ, ಸಂಸಾರ ಅಂದ ಮೇಲೆ ಇರುವುದೇ ಎಂದು ಕೂಗಿ ಹೇಳಿದರು. ನನ್ನ ಕಿವಿಯೆಲ್ಲ ಸೀಟಿಯ ಮೇಲಿತ್ತು. ಮೆಲ್ಲಗೆ ಅದು ಸಣ್ಣದಾಯಿತು, ನಿಂತಿತು.

ಬಾಟಲಿ ತೆಗೆದ ಮೇಲೂ ಹೀಗೆ ಯಾಕಾಯಿತು ಎಂದು ಡ್ರೈವರಿಗೂ ತಿಳಿಯಲಿಲ್ಲ. ಪಾಪ, ಅವನ ಕಣ್ಣಲ್ಲೂ ನೀರಿತ್ತು.

"ಖರೇನೇ ತೆಗದೀನ್ರಿ ಸರ, ನನ್ನ ಮ್ಯಾಲ ನಂಬಿಕಿ ಇಲ್ಲೇನು? ನೋಡ್ರಿ," ಎಂದು ಅಂಗಿಯ ಕಿಸೆಯಿಂದ ಬಾಟಲಿ ತೆಗೆದು ತೋರಿಸಿದ. ಕಿಸೆಯಲ್ಲಿ ಕೂತಲ್ಲೇ ಅದರ ಮುಚ್ಚಳ ಬಿಚ್ಚಿಕೊಂಡಿತ್ತು.

ಇಬ್ಬರು ಮದುಮಕ್ಕಳು

ಡಾಕ್ಟರು ಹೋಗಬಹುದೆಂದರು. ನಾನು ಮದುವೆಗೆ ಮೊದಲೇ ಒಂದು ದಿನ ಒಬ್ಬನೇ ಸುರಪುರಕ್ಕೆ ಹೋಗಿ ಷಡ್ಡಕನನ್ನು ಕಂಡೆ. ಷಡ್ಡಕ ಎಂದರೆ ಹೆಂಡತಿಯ ತಂಗಿಯ ಗಂಡ, ಹುಡುಗಿಯ ತಂದೆ. ನನಗೆ ಮಾತು ಎಷ್ಟು ಕಡಿಮೆಯೋ ಅವನಿಗೆ ಅಷ್ಟು ಹೆಚ್ಚು. ಬಾಗಿಲಲ್ಲಿ ಅತ್ತರು ಬೇಡ, ಗುಲಾಬದಾನಿಯಿಂದ ಪನ್ನೀರು ಚಿಮುಕಿಸುವುದು ಬೇಡ, ವೇದಿಕೆಯ ಮೇಲೆ ಊದಿನಕಡ್ಡಿ ಬೇಡ ಎಂದೆ. ಅತ್ತರಿಲ್ಲದ ಮದುವೆಗೆ ಬೀಗರು ಏನಂತಾರೆ, ನಮ್ಮ ಇಜ್ಜತ್ ಏನು ಉಳಿಯಿತು ಎಂದು ಅವನು ತುಸು ಹೊತ್ತು ಒದ್ದಾಡಿದ. ಕೊನೆಗೆ ಒಪ್ಪಿದ. ಗುಲಾಬದಾನಿಯನ್ನು ಮಾತ್ರ ಬಿಡಲು ಆಗಲಿಲ್ಲ. ಅದರಲ್ಲಿ ಬರೀ ಬೋರಿನ ನೀರು ತುಂಬಿಸಿದ.

ಮದುವೆಯ ದಿನ ಬಾಗಿಲಲ್ಲಿ ಜನರ ಮೇಲೆ ನೀರು ಬೀಳುತ್ತಿತ್ತು. ಬಿದ್ದವರು ತೋಳು ಮೂಸಿ ನೋಡುತ್ತಿದ್ದರು, ಆಮೇಲೆ ತಲೆಯೆತ್ತಿ ಸೂರು ಸೋರುತ್ತಿದೆಯೇ ಎಂದು ನೋಡುತ್ತಿದ್ದರು. ನಾವು ಹಿಂಬಾಗಿಲಿನಿಂದ ಒಳಗೆ ಹೋದೆವು. ಹೆಂಡತಿ ವೇದಿಕೆಯ ಮೇಲೆ ಹುಡುಗಿಯ ಪಕ್ಕದಲ್ಲಿ ಕೂತಳು. ಹುಡುಗಿ ಅವಳ ಮುಂಗೈ ಹಿಡಿದುಕೊಂಡಳು. ನಾನು ಎದುರಿಗೆ ಮೊದಲ ಸಾಲಿನಲ್ಲಿ, ಕಿಸೆಯಲ್ಲಿ ಪಂಪು, ಕಣ್ಣು ಅವಳ ಎದೆಯ ಏರಿಳಿತದ ಮೇಲೆ. ಎಲ್ಲ ಸರಿಯಿತ್ತು.

ಆಗ ಕೊಂಕಲ್ಲಿನಿಂದ ಬೀಗರ ಟೆಂಪೋ ಬಂತು. ಟೆಂಪೋ ಇನ್ನೂ ರಸ್ತೆಯಲ್ಲಿತ್ತು, ಅದರ ಪರಿಮಳ ಆಗಲೇ ಹಾಲಿನೊಳಗೆ ಬಂದು ಕೂತಿತ್ತು. ಮದುಮಗನ ಗೆಳೆಯರು ದಾರಿಯುದ್ದಕ್ಕೂ ತಾವೂ ಸ್ಪ್ರೇ ಹೊಡೆದುಕೊಂಡು, ಅವನಿಗೂ ಪ್ರೀತಿಯಿಂದ ಕುತ್ತಿಗೆಯಿಂದ ಕಾಲಿನ ತನಕ ಹೊಡೆದಿದ್ದರು. ಆ ಹುಡುಗ ತಲೆಗೆ ಜರದ ರುಮಾಲು ಸುತ್ತಿ, ನಾಚುತ್ತ ವೇದಿಕೆ ಏರಿ ಕೂತ. ಹೆಂಡತಿ ಒಮ್ಮೆ ಕೆಮ್ಮಿದಳು. ನನ್ನ ಕಡೆ ನೋಡಿ ನಕ್ಕಳು.

ನಾನು ಎದ್ದದ್ದು ನೆನಪಿದೆ. ಷಡ್ಡಕನ ತೋಳು ಹಿಡಿದು ಆಕಿನ್ನ ಕೆಳಗ ಇಳಸ್ರಿ ಎಂದದ್ದೂ ನೆನಪಿದೆ. ಅವನು ಅವಳನ್ನು ಇಳಿಸುವ ಬದಲು ಮೈಕು ಎತ್ತಿಕೊಂಡ. ನಮ್ಮ ಅಕ್ಕನವರಿಗೆ ಸೆಂಟು ಆಗಿಬರುವುದಿಲ್ಲ, ಉಸಿರು ಕಟ್ಟುತ್ತದೆ, ಸೆಂಟು ಹಚ್ಚಿದವರು ಯಾರೇ ಇರಲಿ, ದೊಡ್ಡವರಿರಲಿ ಸಣ್ಣವರಿರಲಿ, ವೇದಿಕೆ ಬಿಟ್ಟು ಹಾಲಿನ ಹಿಂದಕ್ಕೆ ಹೋಗಬೇಕು ಎಂದು ಸಾರಿಬಿಟ್ಟ. ಮುಂದಿನ ಸಾಲುಗಳು ಒಂದೊಂದಾಗಿ ಎದ್ದವು. ಫೋಟೋ ತೆಗೆಯುವವನು ಇಳಿದ. ಬಾಜಾದವರು ಇಳಿದರು. ಮಂತ್ರ ಹೇಳುವ ಅಯ್ಯನವರು ತಮ್ಮ ಶಾಲು ಮೂಸಿಕೊಂಡು, ಅದನ್ನು ದೂರ ಎಸೆದು, ಕೂತಲ್ಲೇ ಕೂತರು. ಸೆಂಟು ಹಚ್ಚಿದವರಲ್ಲಿ ವೇದಿಕೆಯ ಮೇಲೆ ಉಳಿದವನು ಮದುಮಗ ಒಬ್ಬನೇ. ಹೆಂಡತಿ ಸೆರಗು ಬಾಯಿಗೆ ಹಿಡಿದು, ತಾನೇ ಹೋಗುತ್ತೇನೆಂದು ಏಳಲು ನೋಡಿದಳು. ಹುಡುಗಿ ಕೈ ಬಿಡಲಿಲ್ಲ.

"ದೊಡ್ಡವ್ವ ಇಳದ್ರ ನಾನೂ ಇಳೀತೀನಿ," ಎಂದಳು.

ಇಡೀ ಹಾಲು ಸುಮ್ಮನಾಯಿತು. ಆ ಮೌನದಲ್ಲಿ ನನಗೆ ಸೀಟಿ ಸ್ಪಷ್ಟವಾಗಿ ಕೇಳಿಸಿತು. ಮದುಮಗ ಒಮ್ಮೆ ಹುಡುಗಿಯನ್ನು, ಒಮ್ಮೆ ನನ್ನ ಹೆಂಡತಿಯನ್ನು ನೋಡಿ, ಎದ್ದು ಕೈ ಮುಗಿದ.

"ನಾನಾ ಇಳೀತೀನ್ರಿ, ನಾರಾಕತ್ತದ್ದು ನಂದಾ."

ಅವನು ಇಳಿದದ್ದೇ ತಡ, ಅವನ ತಂದೆ ಎದ್ದರು. ಮದುಮಗನನ್ನು ಮಣೆ ಬಿಟ್ಟು ಎಬ್ಬಿಸಿದ ಮದುವೆಯನ್ನು ತಾವೆಲ್ಲೂ ಕಂಡಿಲ್ಲ, ಟೆಂಪೋ ತಿರುಗಿಸಿರಿ ಎಂದರು. ಮುಹೂರ್ತ ಹತ್ತಿರ ಬಂದಿತ್ತು. ನಾನು ವೇದಿಕೆ ಏರಿ ಹೆಂಡತಿಯ ಬಾಯಿಗೆ ಪಂಪು ಹಿಡಿದೆ. ಹಿಂದೆ ಏನು ನಡೆಯುತ್ತಿದೆ ಎಂದು ನೋಡುವ ಧೈರ್ಯ ಆಗಲಿಲ್ಲ. ಅವಳ ಉಸಿರು ಇನ್ನೇನು ಹತೋಟಿಗೆ ಬಂತು ಅನ್ನುವಾಗ ಮದುಮಗನ ಅಜ್ಜಿಯ ದನಿ ಕೇಳಿತು. ತನ್ನ ಮಗನನ್ನು ಗದರಿಸಿ ಕೂಡಿಸಿ, ಎರಡು ತಂಬಿಗಿ ನೀರಿಗಿ ಹೋಗೋ ವಾಸನಿಗಿ ಲಗ್ನ ಮುರೀತಿಯೇನು ಎಂದಳು. ಬೆಳಗ್ಗೆ ಅವರ ಮನೆಯಲ್ಲಿ ಸುರಗಿ ನೀರು ಹಾಕಿಯಾಗಿತ್ತು. ಸುರಗಿ ಎಂದರೆ ನಾಲ್ಕು ಮೂಲೆಗೆ ತಂಬಿಗೆ ಇಟ್ಟು, ನೂಲು ಸುತ್ತಿ, ನಡುವೆ ಮದುಮಗನನ್ನು ಕೂಡಿಸಿ ಮುತ್ತೈದೆಯರು ಎರೆಯುವ ಸ್ನಾನ. ಅಜ್ಜಿ ಅದನ್ನೇ ಇನ್ನೊಮ್ಮೆ ಹಾಕಿಸಿದಳು. ಅಡುಗೆಯವನಲ್ಲಿದ್ದ ಕಡಲೆಹಿಟ್ಟಿನ ಡಬ್ಬಿ ಅಂಗಳಕ್ಕೆ ಬಂತು. ಮುತ್ತೈದೆಯರು ಹುಡುಗನ ಚರ್ಮ ಕೆಂಪಾಗುವಂತೆ ತಿಕ್ಕಿದರು. ಆ ಮದುವೆಯ ಊಟದಲ್ಲಿ ಭಜಿ ಆಗಲಿಲ್ಲ.

ವಾಸನೆ ಹೋಯಿತೋ ಇಲ್ಲವೋ ಎಂದು ಹೇಳಬೇಕಾದವನು ನಾನೇ. ಬೀಗರೆಲ್ಲ ನೋಡುತ್ತಿರುವಾಗ ಮದುಮಗನ ಕುತ್ತಿಗೆ, ಕಿವಿಯ ಹಿಂದೆ, ಎರಡೂ ಕಂಕುಳು ಮೂಸಿ ನೋಡಿದೆ. ನನ್ನ ವಿದ್ಯಾರ್ಥಿಗಳು ಕೆಲವರು ಅಲ್ಲಿದ್ದರು. ಮೈ ಸ್ವಚ್ಛವಾಗಿತ್ತು. ಆದರೆ ಬಟ್ಟೆ? ಅವನ ಬಟ್ಟೆ ಸೆಂಟಿನಲ್ಲಿ ನೆನೆದಿತ್ತು. ಗೆಳೆಯರ ಬಟ್ಟೆ ಅದಕ್ಕಿಂತ ಹೆಚ್ಚು. ಆಯೇರಿಗೆಂದು, ಉಡುಗೊರೆ ಕೊಡಲು ತಂದ ಹೊಸ ಧೋತರ, ಅಂಗಿಗಳ ಟ್ರಂಕು ತೆರೆದರೆ ನುಸಿಗುಳಿಗೆಯ ಘಾಟು ಮುಖಕ್ಕೆ ಹೊಡೆಯಿತು. ಅಜ್ಜಿ ಸುತ್ತ ನೋಡಿದಳು. ಷಡ್ಡಕನೂ ಸುತ್ತ ನೋಡಿದ. ಆಮೇಲೆ ಎಲ್ಲರೂ ನನ್ನನ್ನು ನೋಡಿದರು. ನಾನು ನನ್ನ ಹಿಂದೆ ಯಾರಾದರೂ ಇದ್ದಾರೆಯೇ ಎಂದು ತಿರುಗಿ ನೋಡಿದೆ.

ಅಯ್ಯನವರದನ್ನು ಬಿಟ್ಟರೆ ಇಡೀ ಹಾಲಿನಲ್ಲಿ ಪರಿಮಳವಿಲ್ಲದ ಗಂಡಸಿನ ಬಟ್ಟೆ ಒಂದೇ ಜೊತೆ ಇತ್ತು, ಅದು ನನ್ನ ಮೈಮೇಲಿತ್ತು. ಬೆಳಗ್ಗೆ ಶಹಾಪುರದಿಂದ ಬಂದು ಸಂಜೆಗೆ ಹೋಗುವವರು, ಬೇರೆ ಬಟ್ಟೆ ತಂದಿರಲಿಲ್ಲ. ಕೋಣೆಯ ಬಾಗಿಲು ಹಾಕಿ ನನ್ನ ಧೋತರ, ಅಂಗಿ ಬಿಚ್ಚಿ ಅವನಿಗೆ ಕೊಟ್ಟೆ. ಅವನ ಜರದಂಚಿನ ಧೋತರ, ಹಳದಿ ರೇಷ್ಮೆ ಅಂಗಿ ನನಗೆ ಬಂದವು. ಅಂಗಿಯ ಗುಂಡಿ ಹೊಟ್ಟೆಯ ಹತ್ತಿರ ಕೂಡಲಿಲ್ಲ. ಎಲ್ಲ ಒಂದೇ ಕಡೆ ದೂರ ಇರಲಿ ಎಂದು ಅಜ್ಜಿ ರುಮಾಲನ್ನೂ ನನ್ನ ತಲೆಗೇ ಇಟ್ಟಳು.

ಅಂಥ ಬಟ್ಟೆ ತೊಟ್ಟವನು ಹೆಂಡತಿಯ ಹತ್ತಿರ ಹೋಗುವ ಹಾಗಿರಲಿಲ್ಲ. ಹಾಲಿನ ಕಟ್ಟಕಡೆಯ ಸಾಲಿನಲ್ಲಿ, ಹಿಂದಕ್ಕೆ ದಬ್ಬಿಸಿಕೊಂಡ ಸೆಂಟಿನವರ ನಡುವೆ ಹೋಗಿ ಕೂತೆ. ಅಲ್ಲಿಂದ ಅವಳ ಎದೆಯ ಸದ್ದು ಕೇಳುವುದಿಲ್ಲ. ಪಂಪು ವೇದಿಕೆಯಿಂದ ತುಸು ದೂರ ನಿಂತ ಷಡ್ಡಕನ ಕೈಯಲ್ಲಿತ್ತು, ಅವನ ಇನ್ನೊಂದು ಕೈಯಲ್ಲಿ ಮೈಕು. ಗಾಬರಿಯಲ್ಲಿ ಎರಡರಲ್ಲಿ ಯಾವುದನ್ನು ಅವಳ ಬಾಯಿಗೆ ಹಿಡಿಯುತ್ತಾನೋ ಎಂದು ನಾನು ಕುರ್ಚಿಯ ತುದಿಯಲ್ಲಿ ಕೂತಿದ್ದೆ. ತಾಳಿ ಕಟ್ಟಿದರು. ಅಕ್ಕಿಕಾಳು ಬಿದ್ದವು. ಬಗ್ಗಿ, ಎದ್ದು, ಕತ್ತು ಉದ್ದ ಮಾಡಿ ನೋಡಿದೆ. ಅವಳು ಹುಡುಗಿಯ ಪಕ್ಕದಲ್ಲಿ ನೆಟ್ಟಗೆ ಕೂತಿದ್ದಳು. ಬಾಯಿ ಮುಚ್ಚಿತ್ತು. ಮೂಗಿನಿಂದ, ಅದೇನೂ ದೊಡ್ಡ ವಿಷಯವಲ್ಲ ಎಂಬಂತೆ, ಉಸಿರಾಡುತ್ತಿದ್ದಳು. ನನಗೆ ಅಲ್ಲಿಯೇ ಕಣ್ಣು ತುಂಬಿ ಬಂತು.

ಆ ಹೊತ್ತಿಗೆ ಬೋನಾಳದಿಂದ ತಡವಾಗಿ ಬಂದ ಒಬ್ಬ ಮುದುಕಿ ಹಿಂಬಾಗಿಲಿನಿಂದ ಒಳಗೆ ಬಂದಳು. ಕೈಯಲ್ಲಿ ಅಕ್ಕಿಕಾಳು ಹಿಡಿದುಕೊಂಡೇ ಬಂದಿದ್ದಳು. ವೇದಿಕೆ ಅವಳ ಕಣ್ಣಿಗೆ ದೂರ, ನಾನು ಹತ್ತಿರ. ರುಮಾಲು ನೋಡಿ ನೇರ ನನ್ನ ತಲೆಯ ಮೇಲೆ ಅಕ್ಕಿಕಾಳು ಹಾಕಿದಳು. ಹಾಕಿದ ಮೇಲೆ ಬಗ್ಗಿ ನನ್ನ ಮುಖ ನೋಡಿದಳು. ನೆರೆತ ಮೀಸೆ ನೋಡಿದಳು, ಹೊಟ್ಟೆಯ ಹತ್ತಿರ ಬಿಟ್ಟುಕೊಂಡ ಗುಂಡಿ ನೋಡಿದಳು, ಕಣ್ಣಲ್ಲಿದ್ದ ನೀರನ್ನೂ ನೋಡಿದಳು. ನಾನು ವಿವರಿಸಲು ಬಾಯಿ ತೆರೆಯುವ ಮೊದಲೇ ಅವಳು ಪಕ್ಕದ ಕುರ್ಚಿಯಲ್ಲಿ ಕೂತು ನನ್ನ ಬೆನ್ನು ಸವರಿದಳು.

"ಆಗಲಿ ಬಿಡಪ. ಹೆಣ್ಣರೆ ಹ್ಯಾಂಗದಾಳ?"

ನಾನು ಇನ್ನೂ ವೇದಿಕೆಯನ್ನೇ ನೋಡುತ್ತಿದ್ದೆ. ಮನಸ್ಸಿನಲ್ಲಿ ಇದ್ದದ್ದು ಬಾಯಿಗೆ ಬಂತು.

"ಆರಾಮ ಉಸುರಾಡಾಕತ್ತಾಳವ್ವ," ಎಂದೆ.

ಮುದುಕಿ ಇನ್ನೊಮ್ಮೆ ನನ್ನ ಮುಖ ನೋಡಿ ಒಪ್ಪಿಗೆಯಿಂದ ತಲೆಯಾಡಿಸಿದಳು.

"ನಿನ್ನ ವಯಸ್ಸಿಗಿ ಅಷ್ಟು ಸಿಕ್ಕದ್ದಾ ಭಾಳಾತಪ."